ದಪ್ಪಕ್ಷರದ ಎರಡು ಶತಮಾನ: ಕೂಪರ್ ಬ್ಲ್ಯಾಕ್ ಮತ್ತು ಅದರ ಬಳಗ

ಪುಸ್ತಕದ ಒಳಪುಟಗಳಲ್ಲಿ ಹತ್ತು ಹನ್ನೆರಡು ಪಾಯಿಂಟಿನ ಅಳತೆಯಲ್ಲಿ ಸಾಲುಗಟ್ಟಿ ನಿಲ್ಲುವ ಅಕ್ಷರವನ್ನು ಓದುಗರು ಗಮನಿಸುವುದಿಲ್ಲ. ಕಣ್ಣು ಅರ್ಥದ ಕಡೆಗೆ ಸರಾಗವಾಗಿ ಸಾಗಲಿ ಎಂಬುದೇ ಅದನ್ನು ರೂಪಿಸಿದವರ ಉದ್ದೇಶ. ಶೀರ್ಷಿಕೆ, ಭಿತ್ತಿಪತ್ರ, ಅಂಗಡಿಯ ಫಲಕ, ಸರಕಿನ ಪೊಟ್ಟಣ ಮುಂತಾದ ಕಡೆ ಬರುವ ಅಕ್ಷರದ ಕೆಲಸ ಇದಕ್ಕೆ ತೀರ ವಿರುದ್ಧವಾದದ್ದು. ಅದು ಮೊದಲು ನೋಟವನ್ನು ತಡೆದು ನಿಲ್ಲಿಸಬೇಕು, ಆಮೇಲೆ ತನ್ನನ್ನು ಓದಿಸಿಕೊಳ್ಳಬೇಕು. ಸುಮಾರು ಒಂದು ಅಂಗುಲಕ್ಕೆ ಸಮನಾದ 72 ಪಾಯಿಂಟು, ಅದಕ್ಕೂ ಮೇಲಿನ ಅಳತೆಗಳಲ್ಲಿ ಬದುಕುವ ಈ ಶೀರ್ಷಿಕೆ ಅಕ್ಷರಗಳಲ್ಲಿ ಒಂದು ಬಳಗ ಮತ್ತೆ ಮತ್ತೆ ಚಾಲ್ತಿಗೆ ಬರುತ್ತಲೇ ಇದೆ. ಗೆರೆ ದಪ್ಪ, ಅಂಚು ಮೃದು, ಮೈಯಲ್ಲಿ ಹಳೆಯ ಕಾಲದ ಸೊಗಡು. ಅಮೆರಿಕದ ಶಿಕಾಗೋದಲ್ಲಿ 1922ರಲ್ಲಿ ಮಾರುಕಟ್ಟೆಗೆ ಬಂದ ಕೂಪರ್ ಬ್ಲ್ಯಾಕ್ ಈ ಬಳಗದಲ್ಲಿ ಎಲ್ಲಕ್ಕಿಂತ ಹೆಸರುವಾಸಿ. ಆದರೆ ದಪ್ಪಕ್ಷರದ ಬೇರು ಅದಕ್ಕಿಂತ ಒಂದು ಶತಮಾನ ಹಿಂದಿನ ಲಂಡನ್ನಿನಲ್ಲಿದೆ.

ಹತ್ತೊಂಬತ್ತನೆಯ ಶತಮಾನ ಶುರುವಾಗುವವರೆಗೆ ಪ್ರಕಟಣೆಗಳಿಗೂ ಪುಸ್ತಕದ ಅಕ್ಷರವನ್ನೇ ದೊಡ್ಡದು ಮಾಡಿ ಬಳಸುತ್ತಿದ್ದರು. ಕಾರ್ಖಾನೆಗಳ ಸರಕು, ನಾಟಕ, ಲಾಟರಿ, ಕುದುರೆಗಾಡಿಯ ವೇಳೆ ಹೀಗೆ ಜಾಹೀರಾತಿನ ವಸ್ತು ಬೆಳೆದಂತೆ ಊರಿನ ಗೋಡೆಗಳ ಮೇಲೆ ಜಾಗಕ್ಕಾಗಿ ಪೈಪೋಟಿ ಹತ್ತಿತು. ರಾಬರ್ಟ್ ಥಾರ್ನ್ ಎಂಬ ಅಚ್ಚುಮೊಳೆ ತಯಾರಕ ಸುಮಾರು 1803ರಿಂದ ಅಕ್ಷರದ ದಪ್ಪ ಗೆರೆಗಳನ್ನು ಇನ್ನಷ್ಟು ಉಬ್ಬಿಸಿದ. ತೆಳು ಗೆರೆಗಳನ್ನು ಕೂದಲೆಳೆಯಷ್ಟೇ ಉಳಿಸಿದ. ‘ಫ್ಯಾಟ್ ಫೇಸ್’ ಎಂದು ಕರೆಸಿಕೊಂಡ ಈ ಅಕ್ಷರಗಳು ಬೇಗ ಎಲ್ಲ ಕಡೆ ಹಬ್ಬಿದವು. ಥಾರ್ನ್ ತೀರಿಕೊಂಡ ಮೇಲೆ 1820ರಲ್ಲಿ ಅವನ ಎರಕಶಾಲೆಯನ್ನು ಕೊಂಡ ವಿಲಿಯಂ ಥಾರೋಗುಡ್ ಅದಕ್ಕೆ ಬೇಕಾದ ಹಣವನ್ನು ಲಾಟರಿಯಲ್ಲಿ ಗೆದ್ದಿದ್ದನೆಂದು ಮುದ್ರಣ ಚರಿತ್ರೆಗಳು ಹೇಳುತ್ತವೆ. ದಪ್ಪಕ್ಷರವನ್ನು ಸಾಕಿ ಬೆಳೆಸಿದ ಗಿರಾಕಿಗಳಲ್ಲಿ ಲಾಟರಿಯೂ ಒಂದಾಗಿತ್ತು. ವಿನ್ಸೆಂಟ್ ಫಿಗಿನ್ಸ್ 1815ರಲ್ಲಿ ಇಟ್ಟಿಗೆಯಂತಹ ಚೌಕ ಪಾದಗಳ (ಗೆರೆಯ ತುದಿಯಲ್ಲಿ ಅಡ್ಡಕ್ಕೆ ಚಾಚಿದ ಸೆರಿಫ್‌ಗಳ) ಅಕ್ಷರವನ್ನು ತೋರಿಸಿದ. ನಾಲ್ಕನೆಯ ವಿಲಿಯಂ ಕ್ಯಾಸ್ಲನ್ 1816ರಲ್ಲಿ ಪಾದವೇ ಇಲ್ಲದ ಅಕ್ಷರವನ್ನು ಅಚ್ಚಿಗೆ ತಂದ. ಇಂದು ಬಳಕೆಯಲ್ಲಿರುವ ಶೀರ್ಷಿಕೆ ಅಕ್ಷರಗಳ ಮುಖ್ಯ ತಳಿಗಳೆಲ್ಲ ಹೀಗೆ ಒಂದೂವರೆ ದಶಕದೊಳಗೆ ಜಾಹೀರಾತಿನ ಒತ್ತಾಯಕ್ಕೆ ಹುಟ್ಟಿದವು.

ಅಳತೆ ಹೆಚ್ಚಿದಂತೆ ಸೀಸದ ಮೊಳೆಗಳ ತೊಂದರೆಯೂ ಹೆಚ್ಚಿತು. ದೊಡ್ಡ ಮೊಳೆ ಭಾರ, ದುಬಾರಿ. ಎರಕ ಆರುವಾಗ ಮುಖ ಸಮತಟ್ಟಾಗಿ ಉಳಿಯುವುದೂ ಕಷ್ಟ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರವನ್ನು ಕೊರೆಯುವ ಯಂತ್ರವನ್ನು ಬಳಕೆಗೆ ತಂದು ಮರದ ಮೊಳೆಗಳನ್ನು ಹೇರಳವಾಗಿ ತಯಾರಿಸುವ ದಾರಿ ತೆರೆದ. ವಿಲಿಯಂ ಲೆವೆನ್‌ವರ್ತ್ 1834ರಲ್ಲಿ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ ಮೇಲೆ ಒಂದೇ ಮಾದರಿಯಿಂದ ಹಲವು ಅಳತೆಯ ಅಕ್ಷರ ಕೊರೆಯುವುದು ಸಾಧ್ಯವಾಯಿತು. ವಿಸ್ಕಾನ್ಸಿನ್ ರಾಜ್ಯದ ಟೂ ರಿವರ್ಸ್ ಊರಿನಲ್ಲಿ 1880ರಲ್ಲಿ ಶುರುವಾದ ಹ್ಯಾಮಿಲ್ಟನ್ ಕಾರ್ಖಾನೆ ಈ ಉದ್ಯಮದ ದೊಡ್ಡ ಹೆಸರು. ಆ ಪರಂಪರೆಯನ್ನು ಕಾಪಾಡುವ ವಸ್ತುಸಂಗ್ರಹಾಲಯವೊಂದು ಅದೇ ಊರಿನಲ್ಲಿದೆ. ಕೌಬಾಯ್ ಸಿನಿಮಾಗಳಲ್ಲಿ ಕಾಣುವ ‘ಬೇಕಾಗಿದ್ದಾನೆ’ ಪ್ರಕಟಣೆಯ ಅಕ್ಷರಗಳ ಚಹರೆ ಈ ಮರದ ಮೊಳೆಗಳದ್ದು. ಜರ್ಮನಿಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಲೂಸಿಯನ್ ಬರ್ನ್‌ಹಾರ್ಡ್ ಭಿತ್ತಿಪತ್ರವನ್ನು ಒಂದು ವಸ್ತು, ಒಂದು ಹೆಸರು ಎಂಬಷ್ಟಕ್ಕೆ ಇಳಿಸಿದ. ಬರ್ಥೋಲ್ಡ್ ಕಂಪನಿಯ ‘ಬ್ಲಾಕ್’ ಎಂಬ 1908ರ ಅಕ್ಷರ ತನ್ನ ಅಂಕುಡೊಂಕಿನ ಅಂಚಿನಿಂದಾಗಿ ಸವೆದ ಮೇಲೂ ಸವೆದಂತೆ ತೋರುತ್ತಿರಲಿಲ್ಲ. ಒರಟು ಬಳಕೆಯನ್ನು ತಾಳುವ ಈ ಗುಣ ಮುಂದೆ ಕೂಪರ್ ಬ್ಲ್ಯಾಕ್‌ನಲ್ಲಿ ಬೇರೆ ರೀತಿಯಲ್ಲಿ ಕಾಣಿಸಿಕೊಂಡಿತು.

ಆಸ್ವಾಲ್ಡ್ ಬ್ರೂಸ್ ಕೂಪರ್ ಹುಟ್ಟಿದ್ದು 1879ರಲ್ಲಿ, ಓಹಾಯೋದಲ್ಲಿ. ಬೆಳೆದದ್ದು ಕ್ಯಾನ್ಸಸ್ ರಾಜ್ಯದ ಕಾಫಿವಿಲ್ ಎಂಬ ಸಣ್ಣ ಊರಿನಲ್ಲಿ. ಚಿತ್ರಕಲೆ ಕಲಿಯಲು ಶಿಕಾಗೋದ ಫ್ರಾಂಕ್ ಹೋಮ್ ಶಾಲೆಗೆ ಬಂದಾಗ ಅಲ್ಲಿ ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದವನು ಫ್ರೆಡರಿಕ್ ಗೌಡಿ. ಗೌಡಿ ಮುಂದೆ ಅಮೆರಿಕದ ಅತ್ಯಂತ ಪ್ರಸಿದ್ಧ ಅಕ್ಷರ ವಿನ್ಯಾಸಕನಾದ. ಕೂಪರ್ 1904ರಲ್ಲಿ ಫ್ರೆಡ್ ಬರ್ಟ್ಷ್ ಜತೆ ಸೇರಿ ಜಾಹೀರಾತು ವಿನ್ಯಾಸದ ಸಂಸ್ಥೆ ತೆರೆದ. ಅಂದಿನ ಶಿಕಾಗೋ ರೈಲು, ಅಂಚೆ ವ್ಯಾಪಾರ, ಕ್ಯಾಟಲಾಗುಗಳ ನಗರ. ಜಾಹೀರಾತು ಅಲ್ಲಿ ದೊಡ್ಡ ಕಸುಬು. ಪ್ಯಾಕರ್ಡ್ ಕಾರಿನ ಜಾಹೀರಾತಿಗೆ ಕೂಪರ್ ಕೈಯಲ್ಲಿ ಬರೆದ ಅಕ್ಷರಗಳು ಎಷ್ಟು ಮೆಚ್ಚಿಗೆ ಪಡೆದವೆಂದರೆ ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿ 1913ರಲ್ಲಿ ಅವನ್ನು ಆಧರಿಸಿ ‘ಪ್ಯಾಕರ್ಡ್’ ಎಂಬ ಮೊಳೆಯನ್ನೇ ಎರಕ ಹೊಯ್ದಿತು. ಕೂಪರನ ಕಸುಬು ಎಲ್ಲಕ್ಕಿಂತ ಮೊದಲು ಕೈಬರಹ. ಅವನ ಮೊಳೆಗಳಲ್ಲಿ ಕುಂಚ ಕಾಗದಕ್ಕೆ ಒತ್ತಿ ನಿಂತ ಮೃದುತನ ಕಾಣುವುದಕ್ಕೆ ಕಾರಣ ಇದೇ.

ಶಿಕಾಗೋದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎರಕಶಾಲೆಗಾಗಿ ಅವನು ಮೊದಲು ಪಠ್ಯಕ್ಕೆ ಹೊಂದುವ ‘ಕೂಪರ್’ ಅಕ್ಷರವನ್ನು ರಚಿಸಿದ. ಅದರ ಅಂಚುಗಳು ಆಗಲೇ ದುಂಡಗಿದ್ದವು. ಅದನ್ನೇ ಕಡುದಪ್ಪಕ್ಕೆ ಒಯ್ದಾಗ ಹುಟ್ಟಿದ್ದು ಕೂಪರ್ ಬ್ಲ್ಯಾಕ್. ದೂರದೃಷ್ಟಿಯ ಮುದ್ರಕರಿಗೂ ಸಮೀಪದೃಷ್ಟಿಯ ಅವರ ಗಿರಾಕಿಗಳಿಗೂ ಇದು ಹೊಂದುತ್ತದೆ ಎಂಬ ಅರ್ಥದ ಮಾತೊಂದು ಕೂಪರನದೆಂದು ಪ್ರಸಿದ್ಧವಾಗಿದೆ. ಶಿಷ್ಟ ಮುದ್ರಣದ ಅಭಿಮಾನಿಗಳು ಈ ಅಕ್ಷರವನ್ನು ‘ಕರಿಯ ಪೀಡೆ’ ಎಂದು ಜರೆದರು. ಮಾರುಕಟ್ಟೆ ಆ ಮಾತಿಗೆ ಕಿವಿಗೊಡಲಿಲ್ಲ. ಲಡ್ಲೋ ಕಂಪನಿಗಾಗಿ ರಾಬರ್ಟ್ ಹಂಟರ್ ಮಿಡಲ್‌ಟನ್ 1924ರಲ್ಲಿ ಮಾಡಿದ ‘ಲಡ್ಲೋ ಬ್ಲ್ಯಾಕ್’, ಮೊನೋಟೈಪ್ ಕಂಪನಿಗಾಗಿ ಸ್ವತಃ ಗೌಡಿ 1925ರಲ್ಲಿ ಮಾಡಿದ ‘ಗೌಡಿ ಹೆವಿಫೇಸ್’ ಎರಡೂ ಕೂಪರ್ ಬ್ಲ್ಯಾಕ್‌ಗೆ ಪೈಪೋಟಿಯಾಗಿ ಬಂದವು. ಗುರುವೇ ಶಿಷ್ಯನ ಅಕ್ಷರಕ್ಕೆ ಎದುರಾಗಿ ನಿಲ್ಲಬೇಕಾಯಿತು ಎಂಬುದು ಅದರ ಗೆಲುವು ಎಷ್ಟೆಂದು ಹೇಳುತ್ತದೆ.

ಈ ಅಕ್ಷರದ ಒಳಗುಟ್ಟು ಅದರ ಕಪ್ಪಿನಲ್ಲಿ ಇಲ್ಲ. ಕಪ್ಪಿನ ನಡುವೆ ಉಳಿಸಿದ ಬಿಳಿಯಲ್ಲಿದೆ. ಗೆರೆಯನ್ನು ದಪ್ಪ ಮಾಡುತ್ತ ಹೋದರೆ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಕುಗ್ಗುತ್ತದೆ. ಒಂದು ಹಂತದಲ್ಲಿ ಅದು ಮುಚ್ಚಿಹೋಗಿ ಅಕ್ಷರ ಬರೀ ಮಸಿಯ ಮುದ್ದೆಯಾಗುತ್ತದೆ. ಕೂಪರ್ ಆ ಖಾಲಿ ಜಾಗಗಳನ್ನು ಚಿಕ್ಕದಾಗಿಯೇ ಇಟ್ಟ, ಆದರೆ ಪ್ರತಿಯೊಂದಕ್ಕೂ ಸ್ಪಷ್ಟವಾದ ಆಕಾರ ಕೊಟ್ಟ. ದೂರದಿಂದ ನೋಡಿದಾಗ ಗುರುತು ಹತ್ತುವುದು ಆ ಸಣ್ಣ ಬಿಳಿ ಕಿಂಡಿಗಳಿಂದಲೇ. ರೋಮನ್ ಲಿಪಿಯ ಸಣ್ಣಕ್ಷರಗಳ ಮೈ ಇಲ್ಲಿ ಎತ್ತರ, ಕೆಳಗೆ ಇಳಿಯುವ ಬಾಲಗಳು ಮೊಟಕು. ಹೀಗಾಗಿ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಉರುಟು ‘ಓ’ ಅಕ್ಷರದ ಒಳಗಿನ ಬಿಳಿ ಸ್ವಲ್ಪ ಹಿಂದಕ್ಕೆ ವಾಲಿದೆ. ಈ ವಾಲುವಿಕೆ ಇರದಿದ್ದರೆ ಇಷ್ಟು ಭಾರದ ಅಕ್ಷರ ಜಡವಾಗಿ ಕುಳಿತಂತೆ ಕಾಣುತ್ತಿತ್ತು.

ಪಾದಗಳು ದುಂಡಾಗಿರುವುದರಿಂದ ಒಂದು ದೊಡ್ಡ ಅನುಕೂಲವಿದೆ. ಚೂಪು ಪಾದದ ಅಕ್ಷರಗಳನ್ನು ಜೋಡಿಸುವಾಗ ಒಂದು ಕೂದಲೆಳೆ ಮೇಲೆ ಕೆಳಗೆ ಆದರೂ ಕಣ್ಣಿಗೆ ಚುಚ್ಚುತ್ತದೆ. ದುಂಡುಪಾದದ ಅಕ್ಷರದ ಬುಡ ಗೆರೆ ಎಳೆದಂತೆ ಇರುವುದೇ ಇಲ್ಲವಾದ್ದರಿಂದ ಅಂತಹ ಏರುಪೇರು ತಿಳಿಯುವುದಿಲ್ಲ. ಮಸಿ ಹೆಚ್ಚಾದರೂ ಕಾಗದ ಕಳಪೆಯಾದರೂ ಬಟ್ಟೆಯ ಮೇಲೆ ಒತ್ತಿದರೂ ಆಕಾರ ಕೆಡುವುದಿಲ್ಲ. ಅಂಚು ಮೊದಲೇ ಮಸುಕಾಗಿರುವುದರಿಂದ ಇನ್ನಷ್ಟು ಮಸುಕಾಗಲು ಅಲ್ಲಿ ಏನೂ ಉಳಿದಿಲ್ಲ. 1970ರ ದಶಕದಲ್ಲಿ ಟೀ ಶರ್ಟುಗಳ ಮೇಲೆ ಇಸ್ತ್ರಿಯಿಂದ ಅಂಟಿಸುವ ಅಕ್ಷರಗಳಿಗೆ ಕೂಪರ್ ಬ್ಲ್ಯಾಕ್ ಹೇಳಿ ಮಾಡಿಸಿದಂತಿತ್ತು. ಇದೇ ಅಕ್ಷರ ಸಣ್ಣ ಅಳತೆಯಲ್ಲಿ ಸೋಲುತ್ತದೆ. ಹತ್ತು ಪಾಯಿಂಟಿನಲ್ಲಿ ಒಂದು ಪುಟ ತುಂಬ ಕೂರಿಸಿದರೆ ಕಿಂಡಿಗಳು ಮುಚ್ಚಿ ಪುಟ ಕಪ್ಪು ತೇಪೆಯಾಗುತ್ತದೆ. ನಾಲ್ಕೈದು ಪದಗಳ ಶೀರ್ಷಿಕೆಯೇ ಅದರ ನೆಲೆ.

ಸೀಸದ ಯುಗ ಮುಗಿಯುತ್ತಿದ್ದಂತೆ ದಪ್ಪಕ್ಷರಕ್ಕೆ ಎರಡನೆಯ ಜನ್ಮ ಸಿಕ್ಕಿತು. ಸೀಸದ ಪ್ರತಿ ಅಕ್ಷರವೂ ತನ್ನದೇ ಲೋಹದ ಗಟ್ಟಿಯ ಮೇಲೆ ಕೂತಿರುತ್ತದೆ; ಗಟ್ಟಿಯ ಅಂಚನ್ನು ಉಜ್ಜಿ ತೆಗೆಯದ ಹೊರತು ಎರಡು ಅಕ್ಷರಗಳನ್ನು ಇನ್ನಷ್ಟು ಹತ್ತಿರ ತರಲಾಗದು. ಫೋಟೋ ಅಕ್ಷರಜೋಡಣೆಯಲ್ಲಿ ಅಕ್ಷರ ಎಂದರೆ ಫಿಲ್ಮಿನ ಮೇಲಿನ ಬೆಳಕಿನ ಆಕಾರ. ಮಸೂರದಿಂದ ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ಪಕ್ಕದ ಅಕ್ಷರಕ್ಕೆ ತಾಗಿಸಬಹುದು, ಒಂದರ ಮೇಲೊಂದು ಏರಿಸಲೂಬಹುದು. ನ್ಯೂಯಾರ್ಕಿನ ಫೋಟೋ ಲೆಟರಿಂಗ್ ಸಂಸ್ಥೆ 1936ರಲ್ಲೇ ಈ ಕೆಲಸಕ್ಕೆ ಇಳಿದಿತ್ತು. ಬ್ರಿಟನ್ನಿನ ಲೆಟ್ರಾಸೆಟ್ 1961ರಲ್ಲಿ ತಂದ ಒಣ ಹಾಳೆಗಳಿಂದ ಅಕ್ಷರವನ್ನು ಕಾಗದದ ಮೇಲೆ ಉಜ್ಜಿ ಇಳಿಸುವುದು ಯಾರಿಗೂ ಸಾಧ್ಯವಾಯಿತು. ಹರ್ಬ್ ಲೂಬಾಲಿನ್, ಆರನ್ ಬರ್ನ್ಸ್, ಎಡ್ವರ್ಡ್ ರಾಂಡ್‌ಥೇಲರ್ ಸೇರಿ 1970ರಲ್ಲಿ ಕಟ್ಟಿದ ಇಂಟರ್‌ನ್ಯಾಷನಲ್ ಟೈಪ್‌ಫೇಸ್ ಕಾರ್ಪೊರೇಷನ್ ಹಳೆಯ ಅಕ್ಷರಗಳನ್ನು ಹೊಸ ತಂತ್ರಕ್ಕೆ ಒಗ್ಗಿಸಿ ಜಗತ್ತಿಗೆಲ್ಲ ಹಂಚಿತು. ಮಾರಿಸ್ ಫುಲ್ಲರ್ ಬೆಂಟನ್ 1914ರಲ್ಲಿ ಮಾಡಿದ್ದ, ಹೆಚ್ಚೇನೂ ಓಡದಿದ್ದ ‘ಸೂವನೀರ್’ ಅಕ್ಷರ ಎಡ್ ಬೆಂಗಿಯಾಟನ ಕೈಯಲ್ಲಿ ಬಳಗವಾಗಿ ಬೆಳೆದು ಎಪ್ಪತ್ತರ ದಶಕದ ಗುರುತಾಗಿಬಿಟ್ಟಿತು.

ತಂತ್ರದ ಜತೆಗೆ ಮನೋಧರ್ಮವೂ ಬದಲಾಗಿತ್ತು. ಸ್ವಿಟ್ಜರ್ಲೆಂಡಿನಲ್ಲಿ 1957ರಲ್ಲಿ ಹುಟ್ಟಿದ, ಮುಂದೆ ಹೆಲ್ವೆಟಿಕಾ ಎಂಬ ಹೆಸರು ಪಡೆದ ಅಕ್ಷರ, ಅದರ ಸುತ್ತ ಬೆಳೆದ ಅಚ್ಚುಕಟ್ಟು ವಿನ್ಯಾಸ ಕ್ರಮ ಎರಡೂ ಸರಕಾರಿ ಕಚೇರಿಯಿಂದ ಕಂಪನಿಯ ಲೆಟರ್‌ಹೆಡ್ಡಿನವರೆಗೆ ಎಲ್ಲೆಡೆ ಹರಡಿದ್ದವು. ಮಿಲ್ಟನ್ ಗ್ಲೇಸರ್, ಸೀಮೋರ್ ಕ್ವಾಸ್ಟ್ ಮೊದಲಾದವರು 1954ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಪುಶ್ ಪಿನ್ ಸ್ಟುಡಿಯೋಸ್ ಈ ಏಕರೂಪಕ್ಕೆ ಎದುರಾಗಿ ವಿಕ್ಟೋರಿಯಾ ಕಾಲದ, ಆರ್ಟ್ ನೂವೋ, ಆರ್ಟ್ ಡೆಕೋ ಶೈಲಿಯ ಅಕ್ಷರಗಳನ್ನು ಮತ್ತೆ ಹೊರಕ್ಕೆ ತಂದಿತು. ಸಂಗೀತದ ತಟ್ಟೆಗಳ ಹೊದಿಕೆಗಳು ಆ ಹೊಸ ರುಚಿಯ ಕಣ. ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ ಹೊದಿಕೆಯಲ್ಲಿ ಒತ್ತೊತ್ತಾಗಿ ಕೂತ ಅಕ್ಷರ ಕೂಪರ್ ಬ್ಲ್ಯಾಕ್. ಬಿಬಿಸಿಯಲ್ಲಿ 1968ರಲ್ಲಿ ಶುರುವಾದ ‘ಡ್ಯಾಡ್ಸ್ ಆರ್ಮಿ’ ಧಾರಾವಾಹಿಯ ಶೀರ್ಷಿಕೆಯೂ ಅದೇ. ಬ್ರಿಟನ್ನಿನ ಅಗ್ಗದ ವಿಮಾನಯಾನ ಸಂಸ್ಥೆ ಈಸಿಜೆಟ್ 1995ರಲ್ಲಿ ಹಾರಾಟ ಶುರುಮಾಡಿದಾಗ ಕಿತ್ತಳೆ ಬಣ್ಣದ ಜತೆ ಇದೇ ಅಕ್ಷರವನ್ನು ಆರಿಸಿಕೊಂಡಿತು. ವಿಮಾನ ಕಂಪನಿಗಳು ಸಾಮಾನ್ಯವಾಗಿ ಬಯಸುವ ಗಾಂಭೀರ್ಯವನ್ನು ಬದಿಗಿಟ್ಟು ‘ನಾವು ಎಲ್ಲರ ಕೈಗೆಟಕುವವರು’ ಎಂದು ಹೇಳಲು ಅದಕ್ಕೆ ಈ ದುಂಡಗಿನ ಆಕಾರ ನೆರವಾಯಿತು.

ಹಳೆಯದೆಂಬ ಭಾವ ಹುಟ್ಟುವ ಬಗೆ ಇಲ್ಲಿ ಸ್ವಲ್ಪ ನಿಂತು ನೋಡಬೇಕಾದದ್ದು. ಕೂಪರ್ ಬ್ಲ್ಯಾಕ್ ನೋಡಿದವರು ಇಂದು ಎಪ್ಪತ್ತರ ದಶಕವನ್ನು ನೆನೆಯುತ್ತಾರೆ, ಆದರೆ ಅದು ಇಪ್ಪತ್ತರ ದಶಕದ ಅಕ್ಷರ. ಬೆಂಗಿಯಾಟ್ ತನ್ನ ಹೆಸರಿನಲ್ಲೇ 1977ರಲ್ಲಿ ಹೊರತಂದ ಅಕ್ಷರ ಎಂಬತ್ತರ ದಶಕದ ಭಯಾನಕ ಕಾದಂಬರಿಗಳ ಹೊದಿಕೆಗಳಲ್ಲಿ ಬಳಕೆಯಾಯಿತು. ಆ ನೆನಪನ್ನೇ ನೆಚ್ಚಿಕೊಂಡು 2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಶೀರ್ಷಿಕೆ ರೂಪುಗೊಂಡಿತು. ಅಕ್ಷರಕ್ಕೆ ಕಾಲದ ಮುದ್ರೆ ಬೀಳುವುದು ಅದು ಹುಟ್ಟಿದ ವರ್ಷದಿಂದ ಅಲ್ಲ, ಹೆಚ್ಚು ಜನರ ಕಣ್ಣಿಗೆ ಬಿದ್ದ ವರ್ಷಗಳಿಂದ. ಆ ವರ್ಷಗಳಲ್ಲಿ ಅದನ್ನು ನೋಡುತ್ತ ಬೆಳೆದ ಮಕ್ಕಳು ದೊಡ್ಡವರಾಗಿ ತಾವೇ ವಿನ್ಯಾಸಕರು, ಮಾಲೀಕರು, ಗಿರಾಕಿಗಳು ಆದಾಗ ಅಕ್ಷರ ಮತ್ತೆ ಬರುತ್ತದೆ. ಹೀಗಾಗಿ ಈ ಮರುಕಳಿಕೆಯನ್ನು ಹಂಬಲ ಎಂದಷ್ಟೇ ಕರೆದರೆ ಸಾಲದು. ಅದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇದೆ. ಪರಿಚಿತ ಆಕಾರ ಹೊಸ ಸರಕಿನ ಬಗ್ಗೆ ಇರುವ ಅನುಮಾನವನ್ನು ತಗ್ಗಿಸುತ್ತದೆ.

2010ರ ದಶಕದಲ್ಲಿ ಇದೇ ನಡೆ ಪುನರಾವರ್ತನೆಯಾಯಿತು. ಗೂಗಲ್ 2015ರಲ್ಲಿ ತನ್ನ ಲಾಂಛನದಿಂದ ಪಾದಗಳನ್ನು ತೆಗೆದುಹಾಕಿತು. ಸಣ್ಣ ಪರದೆಗೆ ಒಗ್ಗುವ ಸಪಾಟು ಅಕ್ಷರಗಳನ್ನೇ ಅನೇಕ ಕಂಪನಿಗಳು ಆಯ್ದುಕೊಂಡು ಒಂದರ ಮುಖ ಇನ್ನೊಂದರಂತೆ ಕಾಣತೊಡಗಿತು. ಮೇಲ್‌ಚಿಂಪ್ 2018ರಲ್ಲಿ ಕೂಪರ್ ಅಕ್ಷರದ ತೆಳುರೂಪವನ್ನು ತನ್ನ ಗುರುತಾಗಿ ಮಾಡಿಕೊಂಡಿತು. ಅದೇ ವರ್ಷ ಚಿಲಿ ದೇಶದ ಲ್ಯಾಟಿನೋಟೈಪ್ ಸಂಸ್ಥೆ ಕೂಪರ್ ಮತ್ತು ವಿಂಡ್ಸರ್ ಅಕ್ಷರಗಳ ಗುಣ ಬೆರೆಸಿದ ‘ರೆಕೊಲೆಟಾ’ವನ್ನು ಬಿಡುಗಡೆ ಮಾಡಿತು, ಅಂಗಡಿಯ ಪೊಟ್ಟಣಗಳಲ್ಲಿ, ವೆಬ್ ಪುಟಗಳಲ್ಲಿ ಅದು ವ್ಯಾಪಕವಾಯಿತು. ಬರ್ಗರ್ ಕಿಂಗ್ 2021ರಲ್ಲಿ 1969ರ ತನ್ನ ಬನ್ ಆಕಾರದ ಲಾಂಛನಕ್ಕೆ ಹತ್ತಿರದ ರೂಪವನ್ನು ಮರಳಿ ತಂದು, ಜತೆಗೆ ‘ಫ್ಲೇಮ್’ ಎಂಬ ಉಬ್ಬುಬ್ಬಿನ ಅಕ್ಷರವನ್ನು ತನಗಾಗಿಯೇ ಮಾಡಿಸಿಕೊಂಡಿತು. ಕಂಪನಿಯೊಂದು ಸ್ವಂತ ಅಕ್ಷರ ಮಾಡಿಸಿಕೊಳ್ಳುವುದಕ್ಕೆ ಸೌಂದರ್ಯದ ಜತೆ ಕಾನೂನಿನ ಕಾರಣವೂ ಇದೆ. ಅಮೆರಿಕದಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯವಿಲ್ಲ. 1978ರ ಎಲ್ಟ್ರಾ ವಿರುದ್ಧ ರಿಂಗರ್ ಮೊಕದ್ದಮೆಯಲ್ಲಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಫಾಂಟಿನ ತಂತ್ರಾಂಶಕ್ಕೆ, ಹೆಸರಿಗೆ ರಕ್ಷಣೆಯುಂಟು, ಆಕಾರಕ್ಕೆ ಕೃತಿಸ್ವಾಮ್ಯದ ರಕ್ಷಣೆಯಿಲ್ಲ. ಹಳೆಯ ಜನಪ್ರಿಯ ಅಕ್ಷರಗಳ ಹತ್ತಾರು ನಕಲುಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುವುದಕ್ಕೆ ಇದೂ ಒಂದು ಕಾರಣ.

ಕನ್ನಡದಲ್ಲಿ ದಪ್ಪಕ್ಷರದ ಸಮಸ್ಯೆ ರೋಮನ್ ಲಿಪಿಗಿಂತ ಬಹಳ ಕಠಿಣವಾದದ್ದು. ರೋಮನ್ ಲಿಪಿಗೆ ದೊಡ್ಡಕ್ಷರಗಳಿವೆ. ಶೀರ್ಷಿಕೆಯನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಒತ್ತು ತಾನಾಗಿ ಬರುತ್ತದೆ. ಕನ್ನಡಕ್ಕೆ ಆ ಸವಲತ್ತು ಇಲ್ಲ. ಅಳತೆ, ಬಣ್ಣ, ದಪ್ಪ ಇವೇ ಒತ್ತು ಕೊಡುವ ಸಾಧನಗಳಾದ್ದರಿಂದ ಪತ್ರಿಕೆಯ ಮುಖಪುಟದಲ್ಲಿ ದಪ್ಪದ ಮೇಲಿನ ಹೊರೆ ಹೆಚ್ಚು. ಆ ಹೊರೆಯನ್ನು ಹೊರುವ ಅಕ್ಷರಗಳಾದರೋ ಸೂಕ್ಷ್ಮ ಭೇದಗಳಿಂದ ತುಂಬಿವೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಬುಡದ ಒಂದು ಸೀಳು ಮಾತ್ರ. ಆ ಸೀಳು ದಪ್ಪದಲ್ಲಿ ಮುಚ್ಚಿಹೋದರೆ ‘ಧನ’ ಎಂಬುದು ‘ದನ’ವಾಗುತ್ತದೆ, ‘ಭಾರ’ ಎಂಬುದು ‘ಬಾರ’ವಾಗುತ್ತದೆ. ಥ ಮತ್ತು ಠ ತಮ್ಮ ಹೊಟ್ಟೆಯಲ್ಲಿ ಚುಕ್ಕೆ ಇಟ್ಟುಕೊಂಡಿವೆ. ಸುತ್ತಲಿನ ಗೆರೆ ಉಬ್ಬಿದರೆ ಚುಕ್ಕೆ ಉಳಿಯುವ ಜಾಗವೇ ಇರುವುದಿಲ್ಲ. ತಲಕಟ್ಟಿಗೂ ಅಕ್ಷರದ ಮೈಗೂ ನಡುವೆ ಬಿಡಬೇಕಾದ ಬಿಳಿಯೂ ಹೀಗೆಯೇ ಅಪಾಯದಲ್ಲಿರುತ್ತದೆ.

ಒತ್ತಕ್ಷರಗಳದು ಇನ್ನೊಂದು ಕತೆ. ‘ರಾಷ್ಟ್ರ’ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ದಿನವೂ ಬರುವ ಪದ. ಅದರ ಎರಡನೆಯ ಅಕ್ಷರದಲ್ಲಿ ಷ ಕೆಳಗೆ ಟ ಒತ್ತು, ಅದಕ್ಕೆ ಸೇರಿ ರ ಒತ್ತು. ಮೇಲಿನ ಅಕ್ಷರವನ್ನು ದಪ್ಪ ಮಾಡಿದಷ್ಟೇ ಪ್ರಮಾಣದಲ್ಲಿ ಒತ್ತನ್ನೂ ದಪ್ಪ ಮಾಡಿದರೆ ಅದು ಓದಲು ಬಾರದ ಗಂಟಾಗುತ್ತದೆ. ಒತ್ತನ್ನು ತೆಳುವಾಗಿ ಬಿಟ್ಟರೆ ಮೇಲಿನದು ಕಪ್ಪು, ಕೆಳಗಿನದು ಬೂದು ಎಂಬಂತೆ ಪದ ಒಡೆದು ಕಾಣುತ್ತದೆ. ಒತ್ತಿಗೆ ಜಾಗ ಬಿಡಲು ಸಾಲುಗಳ ನಡುವೆ ಅಂತರ ಹೆಚ್ಚಿಸಿದರೆ ಶೀರ್ಷಿಕೆಯ ಗಟ್ಟಿತನ ಸಡಿಲವಾಗುತ್ತದೆ. ಕೂಪರ್ ಬ್ಲ್ಯಾಕ್‌ನ ಬಾಲಗಳನ್ನು ಮೊಟಕು ಮಾಡಿದ ಉಪಾಯ ಇಲ್ಲಿ ನಡೆಯದು, ಏಕೆಂದರೆ ಒತ್ತು ಬಾಲವಲ್ಲ, ಪೂರ್ಣ ವ್ಯಂಜನ. ಕಂಪ್ಯೂಟರಿನಲ್ಲಿ ದಪ್ಪದ ಗುಂಡಿ ಒತ್ತಿದಾಗ, ಫಾಂಟಿಗೆ ನಿಜವಾದ ದಪ್ಪ ರೂಪವಿಲ್ಲದಿದ್ದರೆ, ತಂತ್ರಾಂಶ ಗೆರೆಯ ಅಂಚಿಗೆ ಒಂದು ಪದರ ಬಳಿಯುತ್ತದೆ ಅಷ್ಟೆ. ಬಿಳಿಯನ್ನು ಹಂಚಿ ಮರುರಚಿಸುವ ಕೆಲಸ ಅಲ್ಲಿ ಆಗುವುದಿಲ್ಲ. ಫ್ಲೆಕ್ಸ್ ಫಲಕಗಳಲ್ಲಿ, ಆಮಂತ್ರಣ ಪತ್ರಗಳಲ್ಲಿ ಕಾಣುವ ಮುದ್ದೆಗಟ್ಟಿದ ಕನ್ನಡಕ್ಕೆ ಹೆಚ್ಚಿನ ಪಾಲು ಇದೇ ಕಾರಣ, ಇದು ಲಿಪಿಗೆ ಆಗುತ್ತಿರುವ ನಿಜವಾದ ನಷ್ಟ.

ಕೈಯಲ್ಲಿ ಬರೆಯುವವರಿಗೆ ಈ ಕಷ್ಟ ಇರಲಿಲ್ಲ. ಸಿನಿಮಾ ಭಿತ್ತಿಪತ್ರದ ಶೀರ್ಷಿಕೆ ಬರೆಯುವ ಕಲಾವಿದರು, ಅಂಗಡಿ ಫಲಕದ ಪೇಂಟರುಗಳು ಒಂದೊಂದು ಪದವನ್ನೂ ಆ ಪದಕ್ಕೆಂದೇ ರಚಿಸುತ್ತಿದ್ದರು. ಒತ್ತು ಎಲ್ಲಿ ಬರುತ್ತದೋ ಅಲ್ಲಿ ಮೇಲಿನ ಅಕ್ಷರವನ್ನು ತುಸು ಎತ್ತಿ, ದೀರ್ಘದ ಗೆರೆಯನ್ನು ಪಕ್ಕದ ಅಕ್ಷರದ ಮೇಲೆ ಚಾಚಿ, ಕೊಂಬನ್ನು ಖಾಲಿ ಮೂಲೆಗೆ ತಿರುಗಿಸಿ ಸಮತೂಕ ತರುತ್ತಿದ್ದರು. ನೆರಳು, ಎರಡನೆಯ ಬಣ್ಣ, ಉಬ್ಬಿನ ಭ್ರಮೆ ಇವೆಲ್ಲ ಸೇರಿದರೂ ಪದ ಓದಲು ಬರುತ್ತಿತ್ತು. ಫಾಂಟು ಅಷ್ಟು ಸ್ವತಂತ್ರವಲ್ಲ. ಯಾರು ಯಾವ ಪದ ಟೈಪಿಸುತ್ತಾರೋ ತಿಳಿಯದೆಯೇ ಪ್ರತಿ ವ್ಯಂಜನ, ಪ್ರತಿ ಗುಣಿತ, ಪ್ರತಿ ಒತ್ತು ಒಂದಕ್ಕೊಂದು ಹೊಂದುವಂತೆ ನೂರಾರು ಆಕಾರಗಳನ್ನು ಅದು ಮೊದಲೇ ಸಿದ್ಧಮಾಡಿಟ್ಟಿರಬೇಕು.

ಈ ಕೆಲಸ ಗಂಭೀರವಾಗಿ ಆಗತೊಡಗಿದ್ದು ಯೂನಿಕೋಡ್ ನೆಲೆಗೊಂಡ ಮೇಲೆ. ಮುಂಬಯಿಯ ಏಕ್ ಟೈಪ್ ಸಂಸ್ಥೆ ಭಾರತದ ಹಲವು ಲಿಪಿಗಳಿಗೆ ಒಟ್ಟಾಗಿ ರಚಿಸಿದ ‘ಬಲೂ’ ಬಳಗದಲ್ಲಿ ಕನ್ನಡದ ಅಕ್ಷರಕ್ಕೆ ‘ಬಲೂ ತಮ್ಮ’ ಎಂದು ಹೆಸರು. ಗೆರೆಯ ತುದಿಗಳು ದುಂಡು, ಮೈ ತುಂಬಿಕೊಂಡದ್ದು, ಆದರೂ ಒಳಗಿನ ಕಿಂಡಿಗಳು ತೆರೆದಿವೆ. ಮುಕ್ತ ಪರವಾನಗಿಯಲ್ಲಿ ಗೂಗಲ್ ಫಾಂಟ್ಸ್ ಮೂಲಕ ಸಿಗುವುದರಿಂದ ಸಣ್ಣ ಪ್ರಕಾಶಕರೂ ಅಂಗಡಿಯವರೂ ದುಡ್ಡು ಕೊಡದೆ ಬಳಸಬಹುದು. ಮೊದಲು ಒಂದೇ ದಪ್ಪದಲ್ಲಿ ಬಂದದ್ದು ‘ಬಲೂ ತಮ್ಮ 2’ ಆದಾಗ ಸಾಧಾರಣದಿಂದ ಅತಿದಪ್ಪದವರೆಗೆ ಐದು ತೂಕಗಳನ್ನು ಪಡೆಯಿತು. ಅದೇ ಸಂಸ್ಥೆಯ ‘ಅನೇಕ್ ಕನ್ನಡ’ 2022ರಲ್ಲಿ ಬಂದಿತು. ಅದರಲ್ಲಿ ತೂಕದ ಜತೆಗೆ ಅಗಲವನ್ನೂ ಬೇಕಾದಂತೆ ಬದಲಿಸಬಹುದು. ಕಿರಿದಾದ ಅಂಕಣಕ್ಕೆ ಒತ್ತರಿಸಿದ ರೂಪ, ಫಲಕಕ್ಕೆ ಹರವಾದ ರೂಪ ಎರಡೂ ಒಂದೇ ಕಡತದಿಂದ ದೊರೆಯುತ್ತವೆ. ಹಳೆಯ ಸಿನಿಮಾ ಶೀರ್ಷಿಕೆಗಳ, ಪೇಂಟರುಗಳ ಕೈಬರಹದ ಸೊಗಡನ್ನೇ ನೇರವಾಗಿ ಹೊತ್ತು, ಒತ್ತುಗಳನ್ನೂ ಅಷ್ಟೇ ಕಾಳಜಿಯಿಂದ ನಿಭಾಯಿಸುವ ಭಾರದ ಕನ್ನಡ ಅಕ್ಷರಗಳು ಇನ್ನೂ ಬೆರಳೆಣಿಕೆಯಷ್ಟೇ ಇವೆ. ಅವನ್ನು ರಚಿಸಲು ಬೇಕಾದ ಮಾದರಿಗಳು ಹಳೆಯ ಭಿತ್ತಿಪತ್ರಗಳಲ್ಲಿ, ಪುಸ್ತಕಗಳ ಹೊದಿಕೆಗಳಲ್ಲಿ, ಬಣ್ಣ ಬಳಿದ ಫಲಕಗಳಲ್ಲಿ ಉಳಿದಿವೆ.